ಕಾಗದದ ಮೇಲೆ ಅಣ್ಣನ ಕೈ

ಫೆಬ್ರವರಿ 4

ಅಣ್ಣಾ,

ನಿನ್ನ ಪುಸ್ತಕ ಬಂತು. ಪ್ರಕಾಶಕರು ಕಟ್ಟುಗಟ್ಟಲೆ ತಂದು ನಮ್ಮ ಶೆಡ್ಡಿನಲ್ಲೇ ಇಳಿಸಿ, "ತಗೊಳಮ್ಮ, ನಿಮ್ಮಣ್ಣನ ಕೂಸು, ನೀನೇ ಸಾಕು" ಅಂದು ಕೈತೊಳೆದುಕೊಂಡು ಹೋದರು. ನೀನು ಸ್ಕೂಟರ್ ರಿಪೇರಿ ಮಾಡುತ್ತಿದ್ದ ಜಾಗದಲ್ಲಿ ಈಗ ನನ್ನ ಮೇಜು, ಕ್ಯಾಮೆರಾ, ದುಂಡನೆಯ ದೀಪ. ನೆಲದ ಮೇಲೆ ಆ ಕಲೆ ಹಾಗೇ ಇದೆ. ಎಷ್ಟು ಉಜ್ಜಿದರೂ ಅದರಲ್ಲಿ ಎಣ್ಣೆ ಯಾವುದು, ಸತ್ತವನ ರಕ್ತ ಯಾವುದು ಅಂತ ತಿಳಿಯುವುದಿಲ್ಲ. ನಿನ್ನ ಪುಸ್ತಕದ ಕಟ್ಟುಗಳನ್ನು ಅದರ ಮೇಲೇ ಪೇರಿಸಿ ಮುಚ್ಚಿದ್ದೇನೆ.

"ಕೈ ಕಟ್ಟಿ ಕೂತವನು" ಅನ್ನುವ ಹೆಸರು ಚೆನ್ನಾಗಿದೆ. ಆದರೆ ಚೆನ್ನಾಗಿದೆ ಅಂತ ಈ ಕಾಲದಲ್ಲಿ ಯಾರೂ ಪುಸ್ತಕ ಕೊಳ್ಳುವುದಿಲ್ಲ, ಅಣ್ಣಾ. ಲೇಖಕರನ್ನು ಆನ್‌ಲೈನಿನಲ್ಲಿ ಮೆರೆಸುವುದೇ ನನ್ನ ಹೊಟ್ಟೆಪಾಡು ಅಂತ ನಿನಗೆ ಗೊತ್ತು. ಸಕ್ಕರೆ ಕಾಯಿಲೆಯ ಬಗ್ಗೆ ಬರೆದ ಡಾಕ್ಟರನ್ನು ಕೇಕಿನ ಮುಂದೆ ಕೂರಿಸಿ, "ತಿನ್ನಬೇಕು ಅನ್ಸುತ್ತೆ, ಆದರೆ ತಿನ್ನಲ್ಲ" ಅಂತ ಕಣ್ಣೀರು ಹಾಕಿಸಿದವಳು ನಾನು. ನಿನ್ನನ್ನು ಬಿಟ್ಟೇನೆಯೇ?

ಜೂನ್ ಹತ್ತಕ್ಕೆ ಒಳ್ಳೆ ನಡತೆಯವರನ್ನು ಜೈಲಿನಿಂದ ಬಿಡುವ ಸಮಿತಿ ಕೂರುತ್ತದಲ್ಲ, ಅಷ್ಟರೊಳಗೆ ನಾಲ್ಕು ಜನಕ್ಕೆ ನಿನ್ನ ಹೆಸರು ಗೊತ್ತಿರಬೇಕು. ಕೊಲೆ ಮಾಡಿದವನು ಅಂತಲ್ಲ, ಪುಸ್ತಕ ಬರೆದವನು ಅಂತ. ನನ್ನ ಲೇಖಕರೆಲ್ಲರ ಹತ್ತಿರ ಮೊದಲು ಕೇಳುವುದು ಬರೆಯುವ ಕೈಯ ಫೋಟೋ. ಮುಖಕ್ಕಿಂತ ಕೈ ಹೆಚ್ಚು ಓಡುತ್ತದೆ. ಜೈಲಿನಲ್ಲಿ ಫೋಟೋ ತೆಗೆಯಲು ಬಿಡುವುದಿಲ್ಲ, ಏನು ಮಾಡೋಣ ಹೇಳು.

ನಿನ್ನ ತಂಗಿ


ಫೆಬ್ರವರಿ 15

ಕುಳ್ಳಿ,

ಫೋಟೋ ಇಲ್ಲದಿದ್ದರೆ ಬೇಡ. ಕಾಗದದ ಮೇಲೆ ಬಲಗೈ ಇಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸಿದ್ದೇನೆ. ಚಿಕ್ಕವಳಿದ್ದಾಗ ನಿನಗೆ ಹೀಗೇ ಬಿಡಿಸಿಕೊಡುತ್ತಿದ್ದೆ. ಕಾವಲಿನವರು ನೋಡಿ, "ಏನಪ್ಪಾ, ಬಳೆ ಅಂಗಡಿಗೆ ಅಳತೆ ಕಳಿಸ್ತಿದ್ದೀಯಾ?" ಅಂದು ನಕ್ಕರು.

ಈ ಕೈಯನ್ನು ನೀನು ಮೆರೆಸುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಹೇಳಿದ ದಿನಕ್ಕೆ ಸ್ಕೂಟರ್ ಸಿದ್ಧವಿಲ್ಲ ಅಂತ ಒಬ್ಬ ನನ್ನ ಕೆನ್ನೆಗೆ ಹೊಡೆದ, ನನ್ನ ಕೈ ಸ್ಪ್ಯಾನರ್ ಸಮೇತ ಎದ್ದಿತು, ಮುಗಿಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ಅವತ್ತಿನಿಂದ ಇಲ್ಲಿ ಯಾರು ಏನೇ ಅಂದರೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂರುತ್ತೇನೆ. ಒಂದು ಸಲ ಕೈ ಎತ್ತಿದರೂ ನಡತೆಯ ಪಟ್ಟಿಯಲ್ಲಿ ಕೆಂಪು ಗೆರೆ ಬೀಳುತ್ತದೆ. ಆಮೇಲೆ ಸಮಿತಿಯೂ ಇಲ್ಲ, ಜೂನೂ ಇಲ್ಲ.

ಪುಸ್ತಕದಲ್ಲಿ ಯಾವ ಭಾಗ ಬೇಕಾದರೂ ಆರಿಸಿಕೋ, ಮಸಾಲೆ ಮಾತ್ರ ಅರೆಯಬೇಡ. ಈ ಬ್ಯಾರಕ್ಕಿನ ಯಜಮಾನನಿಗೆ ಎಲ್ಲರೂ ಗುದ್ದಲಿ ಅನ್ನುತ್ತಾರೆ. ಯಾರಿಗೂ ಗೊತ್ತಾಗದಿರಲಿ ಅಂತ ಪುಸ್ತಕದಲ್ಲಿ ಅವನನ್ನು ಹಾರೆ ಅಂತ ಬರೆದಿದ್ದೇನೆ. ನನ್ನ ಬುದ್ಧಿವಂತಿಕೆ ನೋಡು!

ನಿನ್ನ ಅಣ್ಣ


ಮಾರ್ಚ್ 6

ಅಣ್ಣಾ, ಅಣ್ಣಾ, ಅಣ್ಣಾ!

ಹೊತ್ತಿಕೊಂಡಿತು! ಹಾರೆಯ ತಾಯಿ ಅವನನ್ನು ನೋಡಲು ಮುಲಾಕಾತ್‌ಗೆ ಬರಲಿಲ್ಲ ಅಂತ ಅಷ್ಟು ದೊಡ್ಡ ಆಳು ನೀರಿನ ಟ್ಯಾಂಕಿನ ಹಿಂದೆ ಕೂತು, ಮೂಗು ಸುರಿಸಿಕೊಂಡು "ಅಮ್ಮಾ" ಅಂತ ಅಳುತ್ತಾನಲ್ಲ, ಆ ತುಂಡನ್ನು ನಾನೇ ಓದಿ, ಹಿಂದೆ ಒಂದು ತಮಾಷೆಯ ಪೀಪಿ ಸಂಗೀತ ಹಾಕಿ ವಿಡಿಯೋ ಬಿಟ್ಟೆ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಕಾಲೇಜು ಹುಡುಗರು ಹಾರೆಯ ಹಾಗೆ ಅಳುವ ವಿಡಿಯೋ ಮಾಡಿ ಹಾಕುತ್ತಿದ್ದಾರೆ. ಕಟ್ಟುಗಳು ಕರಗುತ್ತಿವೆ. ಪ್ರಕಾಶಕರು ಹಲ್ಲು ಕಿರಿದುಕೊಂಡು ದಿನಾ ಬರುತ್ತಾರೆ.

ನಿನ್ನ ಕೈಯ ಗೆರೆಯೇ ಈಗ ಪುಸ್ತಕದ ಗುರುತು. ಒಂದು ಸ್ಪರ್ಧೆಯನ್ನೂ ಇಟ್ಟಿದ್ದೇನೆ. ಪುಸ್ತಕದ ಜೊತೆ ಫೋಟೋ ತೆಗೆದು ಹಾಕಿದವರಲ್ಲಿ ಕೆಲವರಿಗೆ ಲೇಖಕರೇ ಬಿಡಿಸಿದ ಅಸಲಿ ಕೈ ಬಹುಮಾನ. ಬೇಗ ಒಂದಿಷ್ಟು ಕೈ ಕಳಿಸು.

ಒಬ್ಬ ಮಾತ್ರ ದಿನಾ ವಿಡಿಯೋದ ಕೆಳಗೆ ಬಂದು "ಕೊಲೆಗಾರನ ಪುಸ್ತಕ" ಅಂತ ಬರೆದು ಹೋಗುತ್ತಾನೆ. ನಾನು ಅಳಿಸಿಲ್ಲ. ಜಗಳ ಇದ್ದಲ್ಲಿ ಜನ ಸೇರುತ್ತಾರೆ, ಜನ ಸೇರಿದಲ್ಲಿ ಪುಸ್ತಕ ಹೋಗುತ್ತದೆ.

ನಿನ್ನ ತಂಗಿ


ಮಾರ್ಚ್ 19

ಕುಳ್ಳಿ,

ಆ ವಿಡಿಯೋ ತೆಗೆದುಹಾಕು. ಇವತ್ತೇ. ನನಗೆ ಹೇಗೆ ತಿಳಿಯಿತು, ಯಾಕೆ ತೆಗೆಯಬೇಕು ಅಂತ ಕೇಳಬೇಡ. ಇಲ್ಲಿಂದ ಹೋಗುವ ಕಾಗದವನ್ನು ಕಚೇರಿಯವರು ಓದಿಯೇ ಕಳಿಸುವುದು.

ನಾನು ಅದನ್ನು ಬರೆದದ್ದು ನಗಿಸುವುದಕ್ಕಲ್ಲ. ಅವನು ಅತ್ತ ಅನ್ನುವಲ್ಲಿಗೆ ನೀನು ಕತ್ತರಿ ಹಾಕಿದೆ. ಮುಂದಿನ ಪುಟದಲ್ಲಿ ಏನಿದೆ? ನನಗೆ ಜ್ವರ ಬಂದು ಒದ್ದಾಡುವಾಗ ಅದೇ ಮನುಷ್ಯ ತನ್ನ ಕಂಬಳಿ ತಂದು ಹೊದಿಸಿ, ತಾನು ಬರಿ ನೆಲದ ಮೇಲೆ ಮಲಗಿದ. ಅದನ್ನು ಓದುವುದಕ್ಕೆ ನಿನಗೇನು ಬಾಯಿ ನೋವಾಗುತ್ತಿತ್ತೇ?

ಅಕ್ಷರ ಸೊಟ್ಟಗಿದ್ದರೆ ಗಾಬರಿಯಾಗಬೇಡ. ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದೆ. ಕೇಳಿದ ಕೈಗಳನ್ನು ಕಳಿಸಿದ್ದೇನೆ.

ಅಣ್ಣ


ಏಪ್ರಿಲ್ 2

ಅಣ್ಣಾ,

ಮುನಿಸು ಬಿಡು ಮಾರಾಯ. ಎಲ್ಲ ಲೇಖಕರೂ ಇದೇ ರಾಗ. ಮೊದಲು "ಅಯ್ಯೋ ಬೇಡ, ತೆಗೆಯಿರಿ" ಅನ್ನುತ್ತಾರೆ, ಸಂಜೆ ಫೋನ್ ಮಾಡಿ "ಎಷ್ಟು ಜನ ನೋಡಿದ್ರು?" ಅಂತ ಕೇಳುತ್ತಾರೆ. ಡಾಕ್ಟರೂ ಹೀಗೇ ಆಡಿದ್ದರು. ಓಡುತ್ತಿರುವ ಕುದುರೆಯ ಕಾಲನ್ನು ಯಾರಾದರೂ ಕಟ್ಟುತ್ತಾರೆಯೇ?

ಬಚ್ಚಲಿನಲ್ಲಿ ಇನ್ನು ನೋಡಿಕೊಂಡು ಕಾಲಿಡು. ನಿನ್ನ ಸೊಟ್ಟ ಅಕ್ಷರದ ನಾಲ್ಕು ಸಾಲು ತೋರಿಸಿ, "ಬಿದ್ದರೂ ಬರೆಯುವುದು ನಿಲ್ಲಿಸದ ಲೇಖಕ" ಅಂತ ಹಾಕಿದೆ. ಜನ ಅತ್ತುಬಿಟ್ಟರು. ಅದರ ಬೆನ್ನಿಗೇ ಹಾರೆಯ ಇನ್ನೊಂದು ತುಂಡನ್ನೂ ಬಿಟ್ಟೆ. ಎರಡನೇ ಮುದ್ರಣ ಆಗುತ್ತಿದೆ, ಗೊತ್ತಾ!

ಪ್ರಕಾಶಕರಿಗೂ ವಿಡಿಯೋ ಕತ್ತರಿಸುವುದನ್ನು ಕಲಿಸಿದ್ದೇನೆ. "ಶುರು ಬೇಡ, ಕೊನೆ ಬೇಡ, ಎದೆ ಧಸಕ್ ಅನ್ನೋ ಒಂದು ತುಂಡು ಸಾಕು ಸರ್" ಅಂದೆ. "ನೀನು ನನ್ನ ಗುರು ಕಣಮ್ಮ" ಅಂದರು.

ಬಹುಮಾನ ಬಂದ ಹುಡುಗಿಯೊಬ್ಬಳು, "ನನಗೆ ಬಂದ ಕೈಯಲ್ಲಿ ತೋರುಬೆರಳು ಯಾಕೆ ಸೊಟ್ಟ?" ಅಂತ ಕೇಳಿದಳು. "ಕತೆ ಹೇಳೋರ ಬೆರಳು ನೆಟ್ಟಗಿರಲ್ಲ" ಅಂತ ಉತ್ತರ ಹಾಕಿದೆ. ಅದಕ್ಕೂ ಚಪ್ಪಾಳೆ ಬಿತ್ತು.

ಶೆಡ್ಡಿನ ಮುಂದಿನ ಗಾಜು ಒಡೆದಿತ್ತು, ಹೊಸದು ಹಾಕಿಸಿದೆ. ಇನ್ನಷ್ಟು ಕೈ ಕಳಿಸು.

ನಿನ್ನ ತಂಗಿ


ಏಪ್ರಿಲ್ 16

ತಂಗಿ,

ಕೈ ಕಳಿಸಿದ್ದೇನೆ. ಇದೇ ಕೊನೆ.

ನಾನು ಲೇಖಕನಾಗಿ ಮುನಿಸಿಕೊಂಡಿಲ್ಲ. ನಿನ್ನನ್ನು ಸಾಕಿದ ಅಣ್ಣನಾಗಿ ಹೇಳುತ್ತಿದ್ದೇನೆ, ತೆಗೆ. ನಿನಗೆ ಸಿಗುವ ಒಂದೊಂದು ಚಪ್ಪಾಳೆಯ ಸದ್ದೂ ಇಲ್ಲಿಗೆ ಬೇರೆ ರೀತಿಯಲ್ಲಿ ಬಂದು ಮುಟ್ಟುತ್ತದೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಗಾಜು ತನ್ನಷ್ಟಕ್ಕೆ ಒಡೆಯುವುದಿಲ್ಲ. ದಿನಾ ಬಂದು ಬರೆದು ಹೋಗುತ್ತಾನಲ್ಲ, ಅವನು ಯಾರು? ಸತ್ತವನಿಗೆ ಒಬ್ಬ ತಮ್ಮ ಇದ್ದ, ತರಕಾರಿ ವ್ಯಾನ್ ಓಡಿಸುತ್ತಿದ್ದ. ತೀರ್ಪಿನ ದಿನ ಕೋರ್ಟಿನ ಮೆಟ್ಟಿಲ ಮೇಲೆ ನನ್ನನ್ನು ನೋಡುತ್ತಾ ನಿಂತಿದ್ದ. ಅವನೇನಾ? ನಿಜ ಹೇಳು.

ಅಣ್ಣ


ಏಪ್ರಿಲ್ 29

ಅಣ್ಣಾ,

ಬಹುಮಾನದ ಲಕೋಟೆಗೆ ಹಾಕಲೆಂದು ನೀನು ಕಳಿಸಿದ ಕೈಗಳಲ್ಲಿ ಉಳಿದವನ್ನೆಲ್ಲ ಶೆಡ್ಡಿನ ನೆಲದ ಮೇಲೆ ಸಾಲಾಗಿ ಹರಡಿದೆ. ಮೊದಲು ಬಂದದ್ದು ಈ ತುದಿಗೆ, ಕೊನೆಗೆ ಬಂದದ್ದು ಆ ತುದಿಗೆ. ಫೆಬ್ರವರಿಯ ಕೈ ನನ್ನ ಅಣ್ಣನ ಕೈ. ಮಾರ್ಚಿನದರಲ್ಲಿ ತೋರುಬೆರಳು ಗೆಣ್ಣಿನ ಹತ್ತಿರ ಹೊರಳಿಕೊಂಡಿದೆ. ಈ ತಿಂಗಳಿನದರಲ್ಲಿ ಎರಡು ಬೆರಳನ್ನು ಸೇರಿಸಿ ಬಟ್ಟೆ ಸುತ್ತಿದ ಹಾಗೆ ದಪ್ಪ ಗೆರೆ, ಅಂಗೈ ಊದಿಕೊಂಡು ಬನ್ನಿನ ಹಾಗಾಗಿದೆ. ಬಚ್ಚಲಿನಲ್ಲಿ ಜಾರಿದವನಿಗೆ ಇಷ್ಟು ಕಂತಿನಲ್ಲಿ ಪೆಟ್ಟಾಗುತ್ತದೆಯೇ?

ಥೂ ನನ್ನ ಜನ್ಮಕ್ಕೆ! ಎಲ್ಲೋ ಕೂತ ಹುಡುಗಿಗೆ ಕಂಡದ್ದು ನನಗೆ ಕಾಣಲಿಲ್ಲ. ಕಂಡವಳಿಗೂ ಜೋಕು ಹೇಳಿ ಬಾಯಿ ಮುಚ್ಚಿಸಿದೆ.

ಎಲ್ಲವನ್ನೂ ಅಳಿಸಿದೆ. ವಿಡಿಯೋ, ಸ್ಪರ್ಧೆ, ಪುಟ ಎಲ್ಲ. ಪ್ರಕಾಶಕರು ಎಗರಾಡಿದರು, ಎಗರಾಡಲಿ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಬಿಟ್ಟದ್ದು ಒಂದು, ಈಗ ಕಂಡಕಂಡವರ ಫೋನಿನಲ್ಲಿ ಅದರ ಮರಿಗಳು.

ಯಾರು ಹೊಡೆಯುತ್ತಿದ್ದಾರೆ? ಹೇಗಾದರೂ ತಿಳಿಸು. ನನ್ನ ಬಗ್ಗೆ ಯೋಚನೆ ಬೇಡ. ಗಾಜು ಒಡೆದದ್ದು ಚೆಂಡು ತಾಗಿ. ನಾನು ಚೆನ್ನಾಗಿದ್ದೇನೆ.

ನಿನ್ನ ತಂಗಿ


ಮೇ 8

ಕುಳ್ಳಿ,

ಬಿಡುಗಡೆಯಾಗಿ ಹೋಗುತ್ತಿರುವ ಕ್ಷೌರಿಕನೊಬ್ಬ ಈ ಕಾಗದವನ್ನು ಹೊರಗೆ ಅಂಚೆಗೆ ಹಾಕುತ್ತಾನೆ. ಅದಕ್ಕೇ ಬಿಚ್ಚಿ ಬರೆಯುತ್ತಿದ್ದೇನೆ.

ಗುದ್ದಲಿಯ ಹುಡುಗರ ಹತ್ತಿರ ಕದ್ದು ತಂದ ಫೋನ್ ಇದೆ. ಅದರಲ್ಲಿ ನಿನ್ನ ವಿಡಿಯೋ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಬೇಕಾದ್ದೂ ಇರಲಿಲ್ಲ, ಗುದ್ದಲಿಯನ್ನು ಹಾರೆ ಅಂದರೆ ಎಂಥ ದಡ್ಡನಿಗೂ ತಿಳಿಯುತ್ತದೆ. ಇಡೀ ಬ್ಯಾರಕ್ ಅವನ ಬೆನ್ನ ಹಿಂದೆ ನಕ್ಕಿತು. ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ಕೆಡವಿದರು. "ಏನೋ ಸಾಹಿತಿ, ನಮ್ಮಮ್ಮನ್ನ ಮಾರ್ಕೊಂಡು ತಿಂತಿದ್ದೀಯಾ?" ಅಂದ ಗುದ್ದಲಿ. ಒಬ್ಬ ನನ್ನ ಎದೆಯ ಮೇಲೆ ಕೂತ, ಒಬ್ಬ ಕೈಯನ್ನು ಪಕ್ಕದ ಬಚ್ಚಲಿನ ಕಬ್ಬಿಣದ ಬಾಗಿಲ ಸಂದಿಗೆ ಇಟ್ಟ, ಗುದ್ದಲಿ ಬಾಗಿಲು ಒದ್ದ. ಬೆರಳು ಮುರಿದ ಸದ್ದು ನೋವಿಗಿಂತ ಮೊದಲು ಬಂತು. ನೀನು ಎರಡನೇ ತುಂಡು ಬಿಟ್ಟ ಮೇಲೆ ಇನ್ನೊಂದು ಸಲ ಆಯಿತು. ಆಗ ಆ ಪೀಪಿ ಸಂಗೀತವನ್ನು ಹಚ್ಚಿಟ್ಟು, ಅದರ ತಾಳಕ್ಕೆ ಪಕ್ಕೆಗೆ ಒದ್ದರು. ರಕ್ತ ಉಗುಳಿದೆ. ಒಂದು ಹಲ್ಲು ಬಂತು.

ಕೈ ಎತ್ತಲಿಲ್ಲ, ತಂಗಿ. ಮುರಿದದ್ದನ್ನೂ ಮುರಿಯದ್ದನ್ನೂ ಎರಡನ್ನೂ ಕಂಕುಳಲ್ಲಿ ಒತ್ತಿ ಹಿಡಿದುಕೊಂಡೆ. ಜೂನ್ ಹತ್ತು ಅಂತ ಹಲ್ಲು ಕಚ್ಚಿದೆ.

ಈಗ ಕೇಳು ಒಳ್ಳೆಯ ಸುದ್ದಿ. ಮೊನ್ನೆ ಅವನ ಮುಂದೆ ಹೋಗಿ ಪುಸ್ತಕ ಹಿಡಿದು ನಿಂತೆ. "ಹೊಡೆಯೋದಾದ್ರೆ ಪೂರ್ತಿ ಕೇಳಿ ಹೊಡಿ" ಅಂದು ಕಂಬಳಿಯ ಪುಟವನ್ನು ಓದಿದೆ. ಅವನು ಪುಸ್ತಕವನ್ನು ಕೈಗೆ ತಗೊಂಡು ಆ ಪುಟ ನೋಡಿದ. "ಇದನ್ಯಾಕೆ ಹಾಕ್ಲಿಲ್ಲ ನಿನ್ನ ತಂಗಿ?" ಅಂದ. "ಗೊತ್ತಾಗ್ಲಿಲ್ಲಣ್ಣ ಅವಳಿಗೆ" ಅಂದೆ. "ಗೊತ್ತಾಗ್ದೆ ಇರೋರು ಕತ್ತರಿ ಹಿಡೀಬಾರ್ದು ಅಂತ ಹೇಳು" ಅಂದ. ಅವತ್ತಿನಿಂದ ಯಾರೂ ನನ್ನನ್ನು ಮುಟ್ಟಿಲ್ಲ. ತನ್ನ ಪಾಲಿನ ಹಾಲನ್ನು ನನಗೆ ಕೊಡುತ್ತಾನೆ. ನಾನು ಸುತ್ತಿಕೊಂಡಿದ್ದ ಬಟ್ಟೆ ಬಿಚ್ಚಿ, ಬೆರಳಿಗೆ ಸರಿಯಾಗಿ ಕಡ್ಡಿ ಕಟ್ಟಿದವನೂ ಅವನೇ.

ಇನ್ನೇನು ಒಂದು ತಿಂಗಳು. ಬಂದ ಮೇಲೆ ನಿನಗೆ ಎರಡು ಬಿಗಿಯುತ್ತೇನೆ, ಸೊಟ್ಟ ಬೆರಳಿನಲ್ಲೇ. ನನ್ನ ಕೆಟ್ಟ ಜಂಭ ಬಿಟ್ಟು ಎಲ್ಲ ಹೇಳಿದೆ. ಈಗ ನಿನ್ನ ಸರದಿ. ಚೆಂಡು ತಾಗಿ ಒಡೆಯಿತು ಅನ್ನುವುದನ್ನು ನಾನು ನಂಬಲಿಲ್ಲ.

ಅಣ್ಣ


ಮೇ 27

ತಂಗಿ,

ನಿನ್ನ ಕಾಗದ ಯಾಕೆ ಬರಲಿಲ್ಲ? ನಾನು ಬರೆದದ್ದು ಮುಟ್ಟಿತೋ ಇಲ್ಲವೋ? ಬೈದದ್ದಕ್ಕೆ ಕೋಪವೇ? ಒಂದು ಸಾಲು ಬರಿ ಸಾಕು. ಇಲ್ಲಿ ಎಲ್ಲ ಸರಿಯಿದೆ, ಸಮಿತಿಯ ಪಟ್ಟಿಯಲ್ಲಿ ನನ್ನ ಹೆಸರು ಇದೆಯಂತೆ.

ಅಣ್ಣ


ಜೂನ್ 3

ತಂಗಿ,

ಬದುಕಿದ್ದೀಯಾ?

ಇಲ್ಲಿ ನಡೆದದ್ದು ಕಚೇರಿಯವರಿಗೆಲ್ಲ ಗೊತ್ತಾಗಿದೆ, ಫೋನನ್ನೂ ಕಿತ್ತುಕೊಂಡಿದ್ದಾರೆ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ಮೊನ್ನೆ ಬಟ್ಟೆ ಒಗೆಯುವ ಹೊತ್ತಿಗೆ ಗುದ್ದಲಿ ಫೋನ್ ಹಿಡಿದುಕೊಂಡು ನನ್ನ ಹತ್ತಿರ ಬಂದ. "ಇದು ನಿನ್ನ ತಂಗಿ ಅಲ್ವೇನೋ ನೋಡು" ಅಂದ. ನೋಡಿದೆ. ನಮ್ಮ ಶೆಡ್ಡಿನ ನೆಲ. ಗೋಡೆಗೆ ಒರಗಿ ನೀನು. ಬಾಯಿ ತೆರೆದಿದೆ. ಕುತ್ತಿಗೆಯಿಂದ ಮಡಿಲಿನವರೆಗೆ ರಕ್ತ, ಕೈಯೆಲ್ಲ ರಕ್ತ. ಕೆಳಗೆ ದಪ್ಪ ಅಕ್ಷರದಲ್ಲಿ "ಲೇಖಕನ ತಂಗಿಯ ಮೇಲೆ ಭೀಕರ ಹಲ್ಲೆ". ಅದರ ಕೆಳಗೆ ನನ್ನ ಪುಸ್ತಕದ ಚಿತ್ರ, ನನ್ನ ಕೈ.

ಅಷ್ಟೇ ತೋರಿಸಿ ವಿಡಿಯೋ ನಿಂತಿತು. ಆಮೇಲೆ ತನ್ನಷ್ಟಕ್ಕೆ ಮೊದಲಿನಿಂದ ಶುರುವಾಯಿತು. ಹಿಂದೆ ಕೂತಿದ್ದ ಯಾವನೋ ಬಾಯಲ್ಲಿ ಆ ಪೀಪಿಯನ್ನು ಊದಿದ.

ಯಾರು ಊದಿದರು ಅಂತ ನಾನು ತಿರುಗಿ ನೋಡಲಿಲ್ಲ. ಎದುರಿಗೆ ಇದ್ದವನು ಗುದ್ದಲಿ. ನನ್ನ ಕಾಲ ಬಳಿ ಕಬ್ಬಿಣದ ಬಕೆಟ್ ಇತ್ತು. ಬೆರಳು ಮುರಿದ ಕೈ ಅದನ್ನು ಹೇಗೆ ಎತ್ತಿತೋ ಕಾಣೆ. ಅವನ ಹಣೆಗೆ ಹಾಕಿದೆ, ಬಿದ್ದ ಮೇಲೆ ಮುಖಕ್ಕೆ ಹಾಕಿದೆ. ಅವನು ಕೈ ಅಡ್ಡ ಇಟ್ಟು, "ನಾನಲ್ಲ ಕಣೋ, ನಾನಲ್ಲ" ಅನ್ನುತ್ತಿದ್ದ. ಎಡಗಣ್ಣು ಹೋಯಿತಂತೆ. ನನಗೆ ಕಂಬಳಿ ಹೊದಿಸಿದವನು.

ಕೆಂಪು ಗೆರೆ ಬಿತ್ತು. ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. ಇನ್ನು ನನ್ನನ್ನು ಯಾವಾಗ ಬಿಡುತ್ತಾರೋ, ಬಿಡುತ್ತಾರೋ ಇಲ್ಲವೋ. ಅದೆಲ್ಲ ಹಾಳಾಗಿ ಹೋಗಲಿ. ನಿನ್ನನ್ನು ಯಾರು ಹಾಗೆ ಮಾಡಿದರು? ಎಲ್ಲೆಲ್ಲಿ ಪೆಟ್ಟಾಗಿದೆ? ನೀನು ಇದ್ದೀಯ ಅಂತ ಯಾರ ಕೈಯಲ್ಲಾದರೂ ಬರೆಸು.

ಅಣ್ಣ


ಜೂನ್ 13

ಅಣ್ಣಾ,

ಆ ರಕ್ತ ನನ್ನದಲ್ಲ.

ನೀನು ಊಹಿಸಿದ್ದೇ ಸರಿ, ಗಾಜು ಒಡೆದದ್ದು ಸತ್ತವನ ತಮ್ಮ. ಆಮೇಲೆ ಒಂದು ಸಲ ರಸ್ತೆಯಲ್ಲಿ ಅಡ್ಡಗಟ್ಟಿ ಕೆನ್ನೆಗೆ ಹೊಡೆದ. ನಿನಗೆ ಬರೆದರೆ ನೀನು ಒಳಗೆ ಕೂತು ಕುದಿಯುತ್ತೀಯ, ಕುದ್ದರೆ ಯಾರ ಮೇಲಾದರೂ ಕೈ ಎತ್ತುತ್ತೀಯ ಅಂತ ಬಾಯಿ ಮುಚ್ಚಿಕೊಂಡೆ.

ಮೇ ತಿಂಗಳ ನಡುವೆ ಒಂದು ಮಧ್ಯಾಹ್ನ ಶೆಡ್ಡಿಗೆ ನುಗ್ಗಿದ. "ನಮ್ಮಣ್ಣನ್ನ ಕೊಂದಿದ್ದನ್ನೇ ಮಾರ್ಕೊಂಡು ನಗ್ತಿದ್ದೀರೇನೇ?" ಅಂದ. ಪುಟವನ್ನೆಲ್ಲ ಅಳಿಸಿದ್ದೇನೆ ಅಂದರೂ ಕೇಳಲಿಲ್ಲ. ಜುಟ್ಟು ಹಿಡಿದು ನನ್ನ ತಲೆಯನ್ನು ಮೇಜಿಗೆ ಕುಟ್ಟಿದ, ಕಟ್ಟುಗಳನ್ನೆಲ್ಲ ಒದ್ದು ಉರುಳಿಸಿದ. ಶಟರ್ ಎಳೆಯುವ ಕಂಬಿ ನನ್ನ ಕೈಗೆ ಸಿಕ್ಕಿತು. ಮೊದಲನೇ ಏಟು ಹೆದರಿ ಹೊಡೆದದ್ದು. ಅವನು ಮಂಡಿಯೂರಿ ತಲೆ ಹಿಡಿದುಕೊಂಡು ಕೂತ. ಎರಡನೇ ಏಟು ಹೆದರಿ ಹೊಡೆದದ್ದಲ್ಲ. ಕಟ್ಟುಗಳು ಸರಿದು ಆ ಹಳೆಯ ಕಲೆ ಬಯಲಾಗಿತ್ತು. ಅವನು ಸರಿಯಾಗಿ ಅದರ ಮೇಲೆ ಬಿದ್ದ. ಆಮೇಲೆ ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಸೆರಗಿನಿಂದ ರಕ್ತ ಒತ್ತಿ ಹಿಡಿದೆ, ನಿಲ್ಲಲಿಲ್ಲ. ಜನ ಬಂದು ಅವನನ್ನು ಪಕ್ಕಕ್ಕೆ ಮಲಗಿಸಿದರು. ನಾನು ಗೋಡೆಗೆ ಒರಗಿದೆ.

ಪಕ್ಕದ ಅಂಗಡಿಯವರು ತೆಗೆದ ವಿಡಿಯೋದಲ್ಲಿ ನಾವಿಬ್ಬರೂ ಇದ್ದೇವೆ. ಅದು ಪ್ರಕಾಶಕರ ಕೈಗೆ ಸಿಕ್ಕಿತು. ಅವರು ಅವನನ್ನು ಕತ್ತರಿಸಿ, ನನ್ನೊಬ್ಬಳನ್ನೇ ಉಳಿಸಿ, ಮೇ ಕೊನೆಗೆ ಹೊಸ ಪುಟದಲ್ಲಿ ಬಿಟ್ಟರು. ಹೋಗಿ ಕೊರಳಪಟ್ಟಿ ಹಿಡಿದೆ. "ನೀನೇ ಹೇಳಿಕೊಟ್ಟಿದ್ದಲ್ಲಮ್ಮ, ಶುರು ಬೇಡ ಕೊನೆ ಬೇಡ ಅಂತ?" ಅಂದರು. ಪುಸ್ತಕ ಒಂದೂ ಉಳಿದಿಲ್ಲವಂತೆ.

ಸ್ಟೇಷನ್ನಿನಲ್ಲಿ ಕೆಲವು ದಿನ ಇಟ್ಟುಕೊಂಡಿದ್ದರು, ಮೇ ಮುಗಿಯುವ ಮೊದಲೇ ಜಾಮೀನಿನ ಮೇಲೆ ಬಿಟ್ಟರು. ಬಂದು ನೋಡಿದರೆ ನಿನ್ನ ಮೇ ಎಂಟರ ಕಾಗದ ಬಾಗಿಲ ಸಂದಿಯಲ್ಲಿತ್ತು. ಆಗಲೇ ಬರೆಯಬೇಕಿತ್ತು. ಪೆನ್ನು ಹಿಡಿದೆ, ಬಿಟ್ಟೆ, ಹಿಡಿದೆ. ಹತ್ತನೇ ತಾರೀಖು ಕಳೆಯಲಿ, ಅಲ್ಲಿಯವರೆಗೆ ನಿನ್ನ ಕೈ ಕಟ್ಟೇ ಇರಲಿ, ನೀನು ಹೊರಗೆ ಬಂದ ಮೇಲೆ ಎದುರಿಗೆ ಕೂತು ಹೇಳೋಣ ಅಂದುಕೊಂಡೆ. ಒಂದು ಸಾಲು ಬರೆದಿದ್ದರೆ ನೀನು ಬಕೆಟ್ ಎತ್ತುತ್ತಿರಲಿಲ್ಲ. ನಿನ್ನನ್ನು ಒಳಗೇ ಉಳಿಸಿದವಳು ನಾನು, ಅಣ್ಣಾ.

ಅವನು ಇನ್ನೂ ಕಣ್ಣು ಬಿಟ್ಟಿಲ್ಲ. ಆಸ್ಪತ್ರೆಯ ಬಾಗಿಲವರೆಗೆ ಹೋಗಿದ್ದೆ. ಅವನ ತಾಯಿ ಬೆಂಚಿನ ಮೇಲೆ ಕೂತು ಅವನ ಚಪ್ಪಲಿಯನ್ನು ಒರೆಸುತ್ತಿದ್ದರು. ತಲೆ ಎತ್ತುವ ಮೊದಲೇ ತಿರುಗಿ ಬಂದೆ. ವಕೀಲರು ಎರಡನೇ ಏಟಿನ ವಿಷಯ ಯಾರಿಗೂ ಹೇಳಬೇಡ ಅಂದಿದ್ದಾರೆ. ಈ ಕಾಗದವನ್ನು ಕಚೇರಿಯವರು ಓದುತ್ತಾರೆ ಅಂತ ಗೊತ್ತಿದ್ದೇ ಬರೆದಿದ್ದೇನೆ. ಇನ್ನು ಯಾವುದನ್ನೂ ಅರ್ಧ ಕತ್ತರಿಸಿ ಕೊಡುವುದಿಲ್ಲ.

ಎಲ್ಲೆಲ್ಲಿ ಪೆಟ್ಟಾಗಿದೆ ಅಂತ ಕೇಳಿದ್ದೀಯ. ಈ ಹಾಳೆಯ ಹಿಂದೆ ನನ್ನ ಬಲಗೈ ಇಟ್ಟು ಸುತ್ತ ಗೆರೆ ಎಳೆದಿದ್ದೇನೆ. ತಿರುಗಿಸಿ ನೋಡು. ಒಂದು ಬೆರಳೂ ಸೊಟ್ಟಗಾಗಿಲ್ಲ.

ನಿನ್ನ ತಂಗಿ